ಲಿನಕ್ಸಿನೊಳಗೆ ಅತ್ತೆ-ಮಾವ

ಒಂದು ಕೆಲಸಕ್ಕೆ ಒಂದೇ ಉಪಕರಣವಿದ್ದರೆ ಮನುಷ್ಯ ಸುಖಿ, ಹತ್ತಿದ್ದರೆ ವಿಮರ್ಶಕನಾಗುತ್ತಾನೆ. ನನ್ನ ಮುದಿ ಕಂಪ್ಯೂಟರಿಗೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಬಂದ ಮೇಲೆ ನನಗಾದದ್ದು ಇದೇ. ನಾಲ್ಕು ಹಾಡು ಕೇಳೋಣವೆಂದು ಕುಳಿತವನ ಎದುರಿಗೆ ಸಂಗೀತ ಭಂಡಾರದ ತಂತ್ರಾಂಶಗಳು ವಧುಪರೀಕ್ಷೆಗೆ ಬಂದಂತೆ ಸಾಲುಗಟ್ಟಿ ನಿಂತವು. ಒಂದಕ್ಕೆ ಹಣ್ಣಿನ ಹೆಸರು, ಇನ್ನೊಂದಕ್ಕೆ ಮಿಠಾಯಿಯ ಹೆಸರು, ಮತ್ತೊಂದಕ್ಕೆ ಉಚ್ಚರಿಸಹೋದರೆ ಕಟ್ಟಿಸಿದ ಹಲ್ಲು ಸಡಿಲಾಗುವಂಥ ಹೆಸರು. ಎಲ್ಲವೂ ಪುಕ್ಕಟೆ. ಯಾವ ದೇಶದಲ್ಲೋ ಕುಳಿತ ಪುಣ್ಯಾತ್ಮರು ಕಟ್ಟಿ, ಬೇಕಾದರೆ ಬಳಸಿರಿ, ಬೇಡವಾದರೆ ಬಿಚ್ಚಿ ನಿಮಗೆ ಬೇಕಾದಂತೆ ಮಾಡಿಕೊಳ್ಳಿರಿ ಎಂದು ಬಿಟ್ಟುಕೊಟ್ಟಿದ್ದಾರೆ. ಬಸವನ ಬಾಗೇವಾಡಿಯ ಕಡೆ ದಾಸೋಹದ ಪಂಕ್ತಿಯಲ್ಲಿ ಗೋಧಿಹುಗ್ಗಿ ಉಂಡು ಬೆಳೆದವನಿಗೆ ಇಂಥ ಔದಾರ್ಯ ಹೊಸದಲ್ಲ. ಆದರೂ ಬಡಿಸುವವರ ಮುಖವೇ ಕಾಣದ ದಾಸೋಹವನ್ನು ನಾನು ಕಂಡದ್ದು ಇದೇ ಮೊದಲು. ಆ ಕಾಣದ ಕೈಗಳಿಗೆ ಮನಸ್ಸಿನಲ್ಲೇ ಶರಣು ಅಂದೆ.

ನಾನು ಸಿಂದಗಿಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾಗಿ ಇಂಡಿಯಲ್ಲಿ ಮನೆ ಮಾಡಿಕೊಂಡವನು. ವರ್ಗೀಕರಣ ನನಗೆ ವೃತ್ತಿಯಾಗಿತ್ತು, ಆಮೇಲೆ ವ್ಯಸನವಾಯಿತು. ಅಡುಗೆಮನೆಯ ಉಪ್ಪು-ಖಾರದ ಡಬ್ಬಿಗಳಿಗೂ ಅಕಾರಾದಿಯಾಗಿ ಸ್ಥಳ ನಿಗದಿಪಡಿಸಲು ಹೋಗಿ ಹೆಂಡತಿ ಶಾಂತಾಳಿಂದ ಲಟ್ಟಣಿಗೆಯ ದರ್ಶನ ಪಡೆದದ್ದೂ ಉಂಟು. ಗ್ರಂಥಾಲಯ ಆಳಿದವನಿಗೆ ಗಾನಾಲಯ ಯಾವ ಲೆಕ್ಕ ಎಂಬ ಜಂಬದಿಂದಲೇ ಈ ಕೆಲಸಕ್ಕೆ ಕೈ ಹಾಕಿದೆ.

ಕೆಲಸ ನನ್ನ ಸಲುವಾಗಿ ಆಗಿರಲಿಲ್ಲ. ನಮ್ಮ ಮನೆಯಲ್ಲೇ ಇರುವ ಶಾಂತಾಳ ತಾಯಿ, ನನ್ನ ಅತ್ತೆ ಗಂಗವ್ವನವರ ಸಲುವಾಗಿ. ಓದುಗ ಮಹಾಶಯರೇ, ನಮ್ಮ ಸೀಮೆಯ ಹರದೇಶಿ-ನಾಗೇಶಿ ಹಾಡಿಕೆಯನ್ನು ನೀವು ಕೇಳಿರದಿದ್ದರೆ ಎರಡು ಮಾತು. ಗಂಡು ಹೆಚ್ಚು ಎನ್ನುವುದು ಹರದೇಶಿ ಮೇಳ, ಹೆಣ್ಣು ಹೆಚ್ಚು ಎನ್ನುವುದು ನಾಗೇಶಿ ಮೇಳ. ದಪ್ಪಿನ ಬಡಿತ, ತುಂತುಣಿಯ ತಂತಿಯ ಮಿಡಿತದ ಮೇಲೆ ಒಬ್ಬರು ಹಾಡಿನಲ್ಲಿ ಪ್ರಶ್ನೆ ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು, ಕೊಡದಿದ್ದರೆ ಸೋತಂತೆ. ನಮ್ಮ ಮಾವ, ಹೊರ್ತಿಯ ಸಿದ್ದಪ್ಪ, ಹರದೇಶಿಯ ಹುಲಿ. ತಂಗಡಗಿಯ ಗಂಗವ್ವ, ಕೃಷ್ಣೆಯ ನೀರು ಕುಡಿದ ನಾಗೇಶಿ. ಮುದ್ದೇಬಿಹಾಳದ ಹತ್ತಿರದ ಹಳ್ಳಿಯೊಂದರಲ್ಲಿ ಇಬ್ಬರೂ ಹಾಡಿನಲ್ಲಿ ಹಾವು-ಮುಂಗುಸಿಯಂತೆ ಕಾದಾಡಿದ್ದನ್ನು ಕಂಡ ಹಿರಿಯರು, ಇವರ ಜಗಳಕ್ಕೆ ಇವರೇ ಸರಿ ಎಂದು ಲಗ್ನ ಮಾಡಿಬಿಟ್ಟರು. ಲಗ್ನವಾದ ಮೇಲೂ ಜಗಳ ನಿಲ್ಲಲಿಲ್ಲ, ಊರೂರಿಗೆ ಒಂದೇ ಬಸ್ಸಿನಲ್ಲಿ ಹೋಗಿ ಎದುರು-ಬದುರು ಮೇಳದಲ್ಲಿ ಕುಳಿತು ಹಾಡಿದರು. ಇಂಥ ದಾಂಪತ್ಯವನ್ನು ನಾನು ಪುಸ್ತಕಗಳಲ್ಲೂ ಓದಿಲ್ಲ.

ಮಾವನವರು ತೀರಿಕೊಂಡ ಮೇಲೆ ಅತ್ತೆ ಹಾಡಲಿಲ್ಲ. ಗುನುಗಲೂ ಇಲ್ಲ. ಅವ್ವನ ಮಾತೇ ಅರ್ಧ ಕಡಿಮೆಯಾಗಿದೆ, ಆ ಹಾಡುಗಳನ್ನಾದರೂ ಕೇಳಿಸಿದರೆ ಜೀವಕ್ಕೆ ಹಗುರಾದೀತು ಎಂದು ಶಾಂತಾ ಹಠ ಹಿಡಿದಳು. ಮಾವನವರ ಟ್ರಂಕಿನಲ್ಲಿದ್ದ ಕ್ಯಾಸೆಟ್ಟುಗಳನ್ನು ವಿಜಯಪುರಕ್ಕೆ ಒಯ್ದು, ಒಂದೊಂದು ಹಾಡನ್ನೂ ಬಿಡಿಸಿ, ಹಾಡಿದವರ ಹೆಸರು ಬರೆಸಿ ಪೆನ್ ಡ್ರೈವಿಗೆ ಹಾಕಿಸಿಕೊಂಡು ಬಂದೆವು. ಅದನ್ನು ಕಂಪ್ಯೂಟರಿನ ಮಡಿಲಿಗೆ ಹಾಕಿ, ಮೊದಲು ಕೈಗೆ ಸಿಕ್ಕ ಹಣ್ಣಿನ ಹೆಸರಿನ ತಂತ್ರಾಂಶವನ್ನು ತೆರೆದೆ. ಅದು ಕಣ್ಣುಮುಚ್ಚಿ ತೆಗೆಯುವುದರೊಳಗೆ ಹಾಡುಗಳನ್ನೆಲ್ಲ ಹಾಡುಗಾರರ ಹೆಸರಿನ ಪ್ರಕಾರ ವಿಂಗಡಿಸಿತು. ಆಹಾ, ನಮ್ಮ ಕಾಲೇಜಿನಲ್ಲಿ ಇದಕ್ಕೆ ಒಂದು ಬೇಸಿಗೆ ರಜೆ ಬೇಕಾಗುತ್ತಿತ್ತು!

ಅತ್ತೆ ಪಡಸಾಲೆಯಲ್ಲಿ ಕಾಳು ಕೇರುವ ಮರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದರು. ಗುಂಡಿ ಒತ್ತಿದೆ. ಮಾವನವರ ಕಂಚಿನ ಕಂಠ ಎದ್ದಿತು: ಬಿತ್ತುವವನೇ ಇಲ್ಲದಿದ್ದರೆ ಹೊಲದಲ್ಲಿ ಬೆಳೆ ಎಲ್ಲಿಯದು, ಹೇಳು ನಾಗೇಶಿ, ಯಾರು ಹೆಚ್ಚು? ಬೇಳೆಯಲ್ಲಿದ್ದ ಕೈ ನಿಂತಿತು. ಪ್ರಶ್ನೆ ಮುಗಿಯಿತು. ಉತ್ತರ ಬರಬೇಕಾದ ಜಾಗದಲ್ಲಿ ಸಿನಿಮಾ ಹಾಡೊಂದು ಕುಣಿಯುತ್ತ ಬಂತು. ನಾನು ಒತ್ತಿದ್ದು ಸಿದ್ದಪ್ಪನ ಪಟ್ಟಿಯ ಕೊನೆಯ ಹಾಡು; ಅದರ ಬೆನ್ನಿಗಿದ್ದದ್ದು ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಈ ಹಾಡು. ಗಂಗವ್ವ ಎಲ್ಲೋ ಮೇಲೆ, ಗಕಾರದ ಅಡಿಯಲ್ಲಿ. ನಾನು ಗಡಬಡಿಸಿ ಧ್ವನಿ ಅಡಗಿಸಿದೆ. ಅತ್ತೆಯ ತುಟಿ ಅಲುಗುತ್ತಿತ್ತು, ಕೈ ಮರದ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಆಮೇಲೆ ಎದ್ದು ಒಳಗೆ ಹೋದರು, ರಾತ್ರಿ ಅರ್ಧ ರೊಟ್ಟಿಗೇ ಕೈ ತೊಳೆದರು. ಸಂಸಾರ ಮಾಡಿದವರನ್ನು ಬೇರೆ ಬೇರೆ ಓಣಿಯಲ್ಲಿಟ್ಟು ಅವ್ವನ ಮನಸ್ಸು ನೋಯಿಸಿದಿರಿ ಎಂದು ಶಾಂತಾ ನನ್ನ ವರ್ಗೀಕರಣವನ್ನೂ ನನ್ನನ್ನೂ ಒಟ್ಟಿಗೆ ಝಾಡಿಸಿದಳು.

ಮಿಠಾಯಿ ಹೆಸರಿನ ಎರಡನೆಯ ತಂತ್ರಾಂಶ ಕಣ್ಣಿಗೆ ಹಬ್ಬ. ಪ್ರತಿ ಹಾಡುಗಾರನಿಗೂ ಅಂತರ್ಜಾಲದಿಂದ ಭಾವಚಿತ್ರ ತಂದು ಅಂಟಿಸುವ ಅತ್ಯುತ್ಸಾಹಿ. ನಮ್ಮ ಮಾವನವರಿಗೆ ಅದು ಗಿಟಾರು ಹಿಡಿದ, ತೋಳ ತುಂಬ ಹಚ್ಚೆ ಹಾಕಿಸಿಕೊಂಡ ಬಿಳಿಯನೊಬ್ಬನ ಮುಖ ಕೊಟ್ಟಿತು. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಸತ್ತ ಮೇಲೆ ಬಣ್ಣ ಬಂದೈತಿ ಅಂದರು. ಎಷ್ಟೋ ದಿನಗಳ ಮೇಲೆ ಅವರು ಆಡಿದ ಮೊದಲ ಚೇಷ್ಟೆ ಅದು. ಆ ಪುಣ್ಯಕ್ಕಾಗಿ ತಂತ್ರಾಂಶವನ್ನು ಕ್ಷಮಿಸಿ, ಕಿತ್ತು ಹಾಕಿದೆ.

ಮೂರನೆಯದು ಮಾತ್ರ ಅಪರಂಜಿ. ರೂಪದಲ್ಲಿ ಸಾಧಾರಣ, ಗುಣದಲ್ಲಿ ಗಂಭೀರ. ನಾವಿಟ್ಟ ಅನುಕ್ರಮವನ್ನು ಕದಲಿಸುವುದಿಲ್ಲ, ಎರಡು ಹಾಡಿನ ನಡುವೆ ಉಸಿರಿನಷ್ಟೂ ಬಿರುಕು ಬಿಡುವುದಿಲ್ಲ. ಒಂದು ವಾರ ಕುಳಿತು ಪ್ರತಿ ಪ್ರಶ್ನೆಗೂ ಅದರ ಉತ್ತರವನ್ನು ಜೋಡಿಸಿದೆ, ವೃತ್ತಿಜೀವನದ ಅತ್ಯುತ್ತಮ ಕೃತಿ ಇದೇ ಎಂದುಕೊಂಡೆ. ಒತ್ತಿದಾಗ ಮಾವ ಕೇಳಿದರು. ಮರುಕ್ಷಣದಲ್ಲೇ ಹರೆಯದ ಗಂಗವ್ವನ ಧ್ವನಿ ಬಾಣದ ಹಾಗೆ ನುಗ್ಗಿತು: ಬಿತ್ತಿದ ಕೈಯನ್ನು ಹೆತ್ತವಳು ಯಾರೋ ಹರದೇಶಿ? ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಕೊನೆಯವರೆಗೂ ಕೇಳಿ, ಭೇಷ್ ಹಾಡ್ಯಾಳ ಎಂದು ಯಾರೋ ಮೂರನೆಯವರನ್ನು ಹೊಗಳುವಂತೆ ಹೊಗಳಿ ಎದ್ದು ಹೋದರು.

ಮರುದಿನ ಮುಂಜಾನೆ ಚಹಾದ ಕಪ್ಪು ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

"ಇದನ್ನ ತಗೀರಿ. ಮೊದಲ ಹಾಕಿದ್ರಲ್ಲ, ಅದ ಇರಲಿ."

ಅದು ಉತ್ತರವನ್ನೇ ನುಂಗಿದ ದರಿದ್ರ ತಂತ್ರಾಂಶವೆಂದು ನಾನು ಸವಿವರವಾಗಿ ತಿಳಿಸಿ ಹೇಳಿದೆ. ಅತ್ತೆ ನನ್ನ ವಿಮರ್ಶೆಯನ್ನು ಪೂರ್ತಿಯಾಗಿ, ಸೌಜನ್ಯದಿಂದ ಕೇಳಿದರು.

"ಅದರಾಗ ಅವರು ಕೇಳಿ ಸುಮ್ಮನಾಗತಾರ್ರಿ. ಇದರಾಗ ಆ ಹುಡುಗಿ ನನಗ ಬಾಯಿ ತಗಿಯಾಕ ಬಿಡೂದಿಲ್ಲ. ಕೇಳಿದ್ದು ನನಗ. ಉತ್ತರ ನಾ ಕೊಡತೇನಿ."

ಅಂದು ಅಲುಗಿದ ತುಟಿ, ಮರದ ಅಂಚು ಹಿಡಿದ ಕೈ, ಅರ್ಧ ರೊಟ್ಟಿ, ಎಲ್ಲವೂ ಆಗ ನನಗೆ ತಿಳಿದವು. ಅವರು ನೊಂದಿರಲಿಲ್ಲ; ಪದ ಕಟ್ಟುತ್ತಿದ್ದರು. ನಾನು ಹಣ್ಣಿನ ಹೆಸರಿನದನ್ನೇ ಮರಳಿ ತಂದು ಕೂರಿಸಿದೆ. ಹುಡುಕಿದರೆ ಅದರೊಳಗೆ ಒಂದು ಸಣ್ಣ ಸೌಕರ್ಯವೂ ಇತ್ತು: ಈ ಹಾಡು ಮುಗಿದ ಮೇಲೆ ನಿಲ್ಲು. ಯಾವ ದೇಶದ ಯಾವ ಪುಣ್ಯಾತ್ಮನಿಗೆ ಇದು ಹೊಳೆಯಿತೋ, ಅವನ ಹೊಟ್ಟೆ ತಣ್ಣಗಿರಲಿ.

ಮಾವ ಕೇಳಿದರು, ಯಂತ್ರ ನಿಂತಿತು. ಅತ್ತೆ ಮರವನ್ನು ಮಗುಚಿ ಅದರ ಬೆನ್ನ ಮೇಲೆ ಅಂಗೈ ಬಡಿದರು. ಧ್ವನಿ ಒಡೆದಿತ್ತು, ಉಸಿರು ಅರ್ಧಕ್ಕೇ ತೀರುತ್ತಿತ್ತು, ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಹಳೆಯ ಉತ್ತರವಲ್ಲ, ಹೊಸದು: ಬಿತ್ತಿದವ ಎದ್ದು ಹೋದ, ಹೊಲ ಇನ್ನೂ ಇಲ್ಲೇ ಇದೆ, ಹೇಳು ಹರದೇಶಿ, ಯಾರು ಹೆಚ್ಚು? ಶಾಂತಾ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಲ್ಲಿ ಬಂದು ನಿಂತಿದ್ದಳು.

ಅತ್ತೆ ಬೆವರು ಒರೆಸಿಕೊಂಡು, ನಿಂತ ಕಂಪ್ಯೂಟರಿನ ಕಡೆಗೆ ಗದ್ದ ಎತ್ತಿದರು.

"ಹಾಕ್ರಿ. ಮುಂದ ಏನ ಕೇಳತಾರ ನೋಡೂಣು."