ಹುರುಳಿಯ ಮೇಲೆ ನನ್ನ ಹಳೆ ಕಾರು

ನನ್ನ ಪುಟ್ಟ ಕಾರನ್ನು ಯಜಮಾನರು 'ಕಂಡವರು ಓಡಿಸಿ ಬಿಟ್ಟಿದ್ದು' ಎನ್ನುತ್ತಿದ್ದರು. ನಿಜ, ನನಗಿಂತ ಮೊದಲು ಅದಕ್ಕೆ ಇಬ್ಬರು ಮಾಲೀಕರಿದ್ದರು. ಆದರೆ ಚನ್ನಗಿರಿಯಿಂದ ನಲ್ಲೂರಿನ ನನ್ನ ಶಾಲೆಗೆ ಬಸ್ಸು ಕಾಯದೆ, ಯಾರ ಬೈಕಿನ ಹಿಂದೆಯೂ ಕೂರದೆ ಹೋಗಲು ನನ್ನ ಸಂಬಳದಲ್ಲಿ ಕೊಂಡದ್ದು ಅದು. ಸ್ಟೇರಿಂಗ್ ಹಿಡಿದು ಕೂತರೆ ನನಗೆ ಯಾರ ಹಂಗೂ ಇರಲಿಲ್ಲ.

ಎರಡು ಸಲ ಅದು ನನ್ನ ಮರ್ಯಾದೆ ತೆಗೆಯಿತು. ಮೊದಲ ಸಲ ಶಾಲೆಯ ಮುಂದೆಯೇ ಬ್ಯಾಟರಿ ಕೈಕೊಟ್ಟಿತು. ಪಾಪ, ಹೆಡ್‌ಮಾಸ್ಟರರೇ ಬಂದು ತಳ್ಳಬೇಕಾಯಿತು. ಎರಡನೇ ಸಲ ಸೂಳೆಕೆರೆ ಏರಿಯ ಹತ್ತಿರ ಎಂಜಿನ್ ಕಾದು ಹಬೆಯಾಡುತ್ತ ನಿಂತಿತು. ಅದರಲ್ಲಿ ತಪ್ಪು ನನ್ನದೇ. ರೇಡಿಯೇಟರಿಗೆ ತಿಂಗಳುಗಟ್ಟಲೆ ಮನೆಯ ಬೋರ್‌ವೆಲ್ ನೀರು ಸುರಿದಿದ್ದೆ. ನಮ್ಮ ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಉಪ್ಪು ಕಟ್ಟುವ ನೀರು ಅದು, ರೇಡಿಯೇಟರಿನೊಳಗೂ ಹಾಗೇ ಕಟ್ಟಿತ್ತು. ಇನ್ನೊಂದು ಸಲ ದಾರಿಯಲ್ಲಿ ಕೆಟ್ಟು ನಿಂತರೆ ಮಾರಿಬಿಡುವುದು ಎಂದು ಯಜಮಾನರು ಷರತ್ತು ಹಾಕಿದರು. ಅತ್ತೆಯೂ ತಮ್ಮ ಮಗನ ಮಾತಿಗೇ ತಲೆಯಾಡಿಸಿದರು. ನಾನೂ ಸಿಟ್ಟಿನ ಭರದಲ್ಲಿ ಆಗಲಿ ಎಂದುಬಿಟ್ಟೆ.

ಗ್ಯಾರೇಜಿನ ಮೇಸ್ತ್ರಿ ಬಿಳಿ ಗಡ್ಡದ ಸಾಹೇಬರು. ರೇಡಿಯೇಟರ್ ತೊಳೆದು, ನೀರಿನ ಬದಲು ಕೂಲೆಂಟ್ ತುಂಬಿದರು. ನಾನು ಅವರು ಹಾಕಿಕೊಟ್ಟ ಕುರ್ಚಿಯಲ್ಲಿ ಕೂರದೆ ಪಕ್ಕದಲ್ಲೇ ನಿಂತು, ಇದೇನು ಅದೇನು ಎಂದು ಅವರ ತಲೆ ತಿಂದೆ.

"ಗಾಡಿ ಒಮ್ಮೆಗೇ ಕೆಡಲ್ಲ ಟೀಚರಮ್ಮ, ಮೊದ್ಲು ಹೇಳ್ತೈತೆ," ಎಂದರು. "ಮುಳ್ಳು ನೋಡ್ರಿ, ವಾಸನೆ ನೋಡ್ರಿ. ಕೇಳಾಕೆ ನಮಗೆ ಪುರಸೊತ್ತು ಇರ್ಬೇಕು."

ಅಂದಿನಿಂದ ಎಂಜಿನ್ ಬಿಸಿ ತೋರಿಸುವ ಮುಳ್ಳಿನ ಮೇಲೆ ಒಂದು ಕಣ್ಣಿಟ್ಟೇ ಓಡಿಸಿದೆ.

ಕಳೆದ ಚಳಿಗಾಲದಲ್ಲಿ ಜಗಳೂರಿನ ಕಡೆ ಅತ್ತೆಯ ತಂಗಿಯ ಮನೆಯಲ್ಲಿ ಮಗುವಿಗೆ ತೊಟ್ಟಿಲು ಶಾಸ್ತ್ರ. ಯಜಮಾನರಿಗೆ ರಜೆ ಸಿಗಲಿಲ್ಲ. ಅತ್ತೆ ದೇವರ ಮೇಲೆ ಭಾರ ಹಾಕಿ ನನ್ನ ಪಕ್ಕ ಕೂತರು. ಜಗಳೂರು ಹತ್ತಿರವಾದಂತೆ ರಸ್ತೆಯ ಮೇಲೆ ರೈತರು ಕಿತ್ತ ಹುರುಳಿ ಬಳ್ಳಿ ಹರಡಿದ್ದರು. ಹೋಗಿಬರುವ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದು ನಮ್ಮ ಕಡೆಯ ಅಭ್ಯಾಸ. ನನ್ನದು ತಗ್ಗಿನ ಕಾರು, ಬೇಡವೆಂದು ಪಕ್ಕಕ್ಕೆ ತಿರುಗಿಸಿದೆ. ಹೊಲದಲ್ಲೇ ಬಾಳಿದ ಅತ್ತೆಗೆ ಅದು ಸರಿಬರಲಿಲ್ಲ. ರೈತರ ಕಾಳು ತಪ್ಪಿಸಿ ಹೋಗುವುದು ಅನ್ನಕ್ಕೆ ಮಾಡುವ ಅವಮಾನ ಎಂದರು. ಮೇಲೆಯೇ ಹೋದೆ. ಅಲ್ಲಿದ್ದ ಹೆಂಗಸು ಕೈಮುಗಿದಳೆಂದು, ಹಿಂದಕ್ಕೆ ಬಂದು ಇನ್ನೊಂದು ಸಲ ತುಳಿಸು ಎಂದರು. ಅದನ್ನೂ ಮಾಡಿದೆ. ಸೊಸೆಯೆಂದ ಮೇಲೆ ಇಲ್ಲವೆನ್ನಲಾದೀತೇ?

ಎರಡು ಮೈಲಿ ಹೋಗುವುದರೊಳಗೆ ಹುಲ್ಲು ಸುಟ್ಟ ವಾಸನೆ ಬಂತು. ಮುಳ್ಳು ನಡುವನ್ನು ದಾಟಿ ಮೇಲೇರುತ್ತಿತ್ತು. ಕಾರು ಕೈಬಿಟ್ಟು ಹೋದಂತೆಯೇ ಅನ್ನಿಸಿತು. ಬೇವಿನ ಮರದ ನೆರಳಿಗೆ ತಂದು ಎಂಜಿನ್ ಆರಿಸಿ, ಬಾನೆಟ್ ಎತ್ತಿದೆ. ರೇಡಿಯೇಟರಿನ ಮುಖಕ್ಕೆಲ್ಲ ಹೊಟ್ಟು ಮೆತ್ತಿಕೊಂಡು ಗಾಳಿಯಾಡಲು ಜಾಗವೇ ಇರಲಿಲ್ಲ. ಬಗ್ಗಿ ನೋಡಿದರೆ ಮುಂದಿನ ಆಕ್ಸಲ್‌ಗೆ ಹುರುಳಿ ಬಳ್ಳಿ ಹಗ್ಗದಂತೆ ಸುತ್ತಿತ್ತು. ಸೈಲೆನ್ಸರ್ ಪೈಪಿಗೆ ತಾಗಿದ ಎಳೆಗಳು ಕರಕಲಾಗಿದ್ದವು.

ಎಲ್ಲ ತಣ್ಣಗಾಗುವವರೆಗೆ ಕಾದೆವು. ಆಮೇಲೆ ನಾನು ರೇಷ್ಮೆ ಸೀರೆ ಎತ್ತಿ ಕಟ್ಟಿ, ಟವೆಲ್ ಹಾಸಿ ಕಾರಿನಡಿ ಕೈಚಾಚಿ ಮಲಗಿದೆ. ಬಳ್ಳಿ ಎಳೆದರೂ ಬರಲಿಲ್ಲ. ಅಷ್ಟರಲ್ಲಿ ಅತ್ತೆ ಎಲೆಯಡಿಕೆ ಚೀಲದಿಂದ ತಮ್ಮ ಅಡಕತ್ತರಿ ತೆಗೆದು ನನ್ನ ಕೈಗಿಟ್ಟರು. ಅದು ಅವರ ತವರಿನದು, ಮನೆಯಲ್ಲಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ಬಳ್ಳಿ ಕತ್ತರಿಸುತ್ತಿದ್ದರೆ ಅವರು ಮುಂದೆ ನಿಂತು ಸೆರಗಿನಿಂದ ಹೊಟ್ಟು ಕೊಡವಿದರು. ಮತ್ತೆ ಸ್ಟಾರ್ಟ್ ಮಾಡಿ ಹೊರಟಾಗ ಮುಳ್ಳು ನಡುವಿನಲ್ಲೇ ನಿಂತಿತು. ಅಷ್ಟು ಹೆಮ್ಮೆ ನನಗೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ.

ಶಾಸ್ತ್ರ ಮುಗಿಸಿ ಸಂಜೆ ಮನೆ ಸೇರಿದಾಗ ಯಜಮಾನರ ಕಣ್ಣು ನೇರ ನನ್ನ ಸೀರೆಯ ಗ್ರೀಸ್ ಕಲೆಯ ಮೇಲೆ ಬಿತ್ತು. ಮತ್ತೆ ಕೆಟ್ಟು ನಿಂತಿತಾ ಎಂದು ಕೇಳಿದರು. ಷರತ್ತು ನೆನಪಾಗಿ ನಾನು ಕಲೆಯನ್ನು ನೆರಿಗೆಯಲ್ಲಿ ಮುಚ್ಚಿಕೊಂಡೆ. ಉತ್ತರ ಕೊಟ್ಟವರು ಚಪ್ಪಲಿ ಬಿಡುತ್ತಿದ್ದ ಅತ್ತೆ.

"ಹುರುಳಿ ಮೇಲೆ ಹೋಗು ಅಂದೋಳು ನಾನು. ಕಾರು ಎಲ್ಲಿ ಕೆಟ್ಟೈತೆ? ಇವಳು ಕೆಡಾಕೆ ಬಿಡ್ಲೇ ಇಲ್ಲ."

ಯಜಮಾನರು ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ. ಅತ್ತೆ ಅಡಕತ್ತರಿಯನ್ನು ಸೋಪು ಹಾಕಿ ತೊಳೆದು ಒರೆಸಿದರು. ಚೀಲಕ್ಕೆ ಹಾಕಿಕೊಳ್ಳುವರೆಂದು ನೋಡುತ್ತಿದ್ದೆ. ನನ್ನ ಕೈಗೆ ಕೊಟ್ಟು, ಕಾರಿನಲ್ಲೇ ಇಟ್ಟುಕೋ ಎಂದರು.