ಬೆಂಚಿನಡಿಯ ಹುಡುಗಿಯ ಟೀಚರು

ಬೆಳಗಿನ ಆರೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ತರಗತಿಯ ಟೀಚರು ಶಾಲೆಯ ಬೀಗ ತೆಗೆದು, ಕಿಟಕಿಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಪಾಠ ಶುರುವಾಗುವುದು ಒಂಬತ್ತಕ್ಕೆ. "ಟೀಚರಮ್ಮ, ನಿಮ್ಮನೆ ಗಡಿಯಾರ ಕೆಟ್ಟಿದ್ಯಾ?" ಎಂದು ಬೀದಿ ಗುಡಿಸುವಾತ ದಿನಾ ಕಿಚಾಯಿಸುತ್ತಾನೆ. ಅವರು ನಕ್ಕು ಮುಂದಿನ ಕಿಟಕಿ ತೆರೆಯುತ್ತಾರೆ.

ಈ ರೂಢಿ ಬಂದದ್ದು ಎಂಟು ವರ್ಷದ ಒಬ್ಬ ಹುಡುಗಿಯಿಂದ. ಅಮ್ಮ ಮನೆ ಬಿಟ್ಟು ಹೋಗಿದ್ದಳು. ಕಾರ್ಖಾನೆಯ ಬೆಳಗಿನ ಪಾಳಿಗೆ ಹೊರಟ ಅಪ್ಪ ಮಗಳನ್ನು ಗೇಟಿನ ಮುಂದೆ ಇಳಿಸಿ ಹೋಗುತ್ತಿದ್ದ. ಮಗು ಒಬ್ಬಳೇ ನಿಲ್ಲುವುದನ್ನು ನೋಡಲಾರದೆ ಟೀಚರು ಬೇಗ ಬರತೊಡಗಿದರು. ತರಗತಿಯಲ್ಲಿ ಅವಳು ಪಕ್ಕದವರನ್ನು ಕಚ್ಚುವಳು, ಪುಸ್ತಕ ಹರಿಯುವಳು, ಆಮೇಲೆ ಕೊನೆಯ ಬೆಂಚಿನಡಿ ನುಸುಳಿ ಕೂತುಬಿಡುವಳು. ದೂರುಗಳು ಹೆಚ್ಚಾಗಿ ಮುಖ್ಯೋಪಾಧ್ಯಾಯರು ಅವಳನ್ನು ಶಾಲೆ ಬಿಡಿಸಲು ಹೊರಟರು. "ಸರ್, ಪರೀಕ್ಷೆವರೆಗೂ ನನಗೆ ಬಿಡಿ" ಎಂದು ಟೀಚರು ಪಟ್ಟು ಹಿಡಿದರು.

"ಎಳೆದು ಹೊರಗೆ ತರೋದು ಸುಲಭ ಇತ್ತು. ಆದ್ರೆ ಅವಳನ್ನ ಎಲ್ರೂ ಎಳೆದಾಡಿದ್ರು. ನಾನೂ ಯಾಕೆ?" ಎನ್ನುತ್ತಾರೆ. ದಿನವೂ ಆ ಬೆಂಚಿನ ಪಕ್ಕ ನೆಲದ ಮೇಲೆ ಕೂತು ಮೂವತ್ತೆಂಟು ಮಕ್ಕಳ ಗಣಿತದ ನೋಟುಬುಕ್ಕು ತಿದ್ದಿದರು. ಹನ್ನೊಂದು ದಿನ ಒಂದು ಮಾತಿಲ್ಲ. ಹನ್ನೆರಡನೆಯ ದಿನ ಬೆಂಚಿನಡಿಯಿಂದ ಸಣ್ಣ ದನಿ: "ಮಿಸ್, ಅದು ಸರಿ ಇದೆ. ನೀವೇ ತಪ್ಪು ಹಾಕಿದೀರಿ."

ನೋಡಿದರೆ ನಿಜ. "ಇಪ್ಪತ್ತಾರು ವರ್ಷದ ಸರ್ವೀಸಲ್ಲಿ ತಪ್ಪು ಮಾಡಿ ಖುಷಿಪಟ್ಟಿದ್ದು ಅದೊಂದೇ ಸಲ!"

ಮರುದಿನದಿಂದ ತಿದ್ದುವ ಕೆಲಸದಲ್ಲಿ ಅವಳಿಗೂ ಪಾಲು. ಹರಿದ ಪುಸ್ತಕಗಳಿಗೆ ಇಬ್ಬರೂ ಕೂತು ಅಂಟು ಹಚ್ಚಿದರು. ಬರಬರುತ್ತಾ ಕಚ್ಚುವುದು ನಿಂತಿತು. ಒಂದು ಬೆಳಿಗ್ಗೆ ಹುಡುಗಿ ಕೇಳಿದಳು: "ಮಿಸ್, ನಿಮ್ಮನೇಲಿ ಯಾರಿದಾರೆ?"

"ಯಾರೂ ಇಲ್ಲ ಪುಟ್ಟಿ."

"ನಮ್ಮನೇಲೂ ಅಷ್ಟೆ."

ಅಪ್ಪ ಇದ್ದಾರಲ್ಲ ಎನ್ನದೆ ಟೀಚರು ಇನ್ನೊಂದು ನೋಟುಬುಕ್ಕನ್ನು ಅವಳತ್ತ ಸರಿಸಿದರು.

ಪರೀಕ್ಷೆ ಮುಗಿದ ವಾರವೇ ದೂರದೂರಿನಿಂದ ಸೋದರತ್ತೆ ಬಂದು ಅವಳನ್ನು ಕರೆದೊಯ್ದರು. ಅಲ್ಲಿ ಅವಳ ಓರಗೆಯ ಮಕ್ಕಳಿದ್ದಾರಂತೆ. ವರ್ಗಾವಣೆ ಪತ್ರದಲ್ಲಿ 'ನಡತೆ' ಎಂಬುದರ ಮುಂದೆ 'ಉತ್ತಮ' ಎಂದು ಟೀಚರೇ ಬರೆದರು. ಹುಡುಗಿ ಬಿಗಿಯಾಗಿ ಹಿಡಿದ ಕೈಯನ್ನು ಬಿಡಿಸಿದ್ದೂ ಅವರೇ.

ವರ್ಷ ಕಳೆಯಿತು. ಕಾಗದವಿಲ್ಲ, ಫೋನಿಲ್ಲ. ಟೀಚರು ಈಗಲೂ ಖಾಲಿ ತರಗತಿಯಲ್ಲಿ ಒಬ್ಬರೇ ಕೂತು ನೋಟುಬುಕ್ಕು ತಿದ್ದುತ್ತಾರೆ. "ಮನೇಲಿ ಕೂತು ತಾನೆ ಏನು ಮಾಡ್ಲಿ?"

ನೆನಪಾಗುತ್ತಾಳಾ ಎಂದರೆ ತಿದ್ದುತ್ತಿದ್ದ ನೋಟುಬುಕ್ಕನ್ನು ಮುಚ್ಚಿಡುತ್ತಾರೆ. "ನನಗೆ ಆಗ್ತಾಳೆ, ಬಿಡಿ. ಅವಳಿಗೆ ಮಾತ್ರ ನಾನು ಮರೆತು ಹೋಗಿರ್ಲಿ. ಮರೆತಿದಾಳೆ ಅಂದ್ರೆ ಅಲ್ಲಿ ಚೆನ್ನಾಗಿದಾಳೆ ಅಂತ ತಾನೆ?"