ಬೇಲಿ ಮುನಿಯಪ್ಪನ ಪಕ್ಕದ ಸೈಟು

ನನ್ನ ಬಿಪಿ ಮಾತ್ರೆ ಒಂದಿದ್ದದ್ದು ಎರಡಾಗಿದ್ದು ರಕ್ಷಾ ನಮ್ಮ ಆಫೀಸಿಗೆ ಬಂದ ಮೇಲೆ. ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದ್ರು. ಉಪ್ಪಲ್ಲ ಸ್ವಾಮಿ, ಆಫೀಸಲ್ಲೊಂದು ಹುಡುಗಿ ಐತೆ, ಅದನ್ನ ಹೆಂಗೆ ಕಮ್ಮಿ ಮಾಡ್ಲಿ ಅಂದೆ. ಅವರು ನಕ್ಕರು. ನಗ್ತಾರೆ, ಅವರಿಗೇನು!

ನಾನು ನರಸಿಂಹರಾಜು. ಮಧುಗಿರಿಯಲ್ಲಿ ಬೇಕರಿ ಮೇಲ್ಗಡೆ ನಮ್ಮ ಆಫೀಸು. ಜಮೀನು, ಸೈಟು ಅಳೆದು ನಕ್ಷೆ ಬರ್ಕೊಡ್ತೀವಿ. ಕೊಳ್ಳೋರು ಬಂದು ಕೇಳಿದ್ರೆ ತಗೊಳ್ಳಿ, ಬೇಡ ಅಂತ ಸಲಹೆನೂ ಕೊಡ್ತೀವಿ. ಶಿರಾ, ಕೊರಟಗೆರೆ, ಪಾವಗಡ, ಎಲ್ಲಾ ಕಡೆಯೋರೂ ನಮ್ಮ ಮೆಟ್ಟಿಲು ಹತ್ತಿದ್ದಾರೆ.

ರಕ್ಷಾ ಗೌಡಗೆರೆ ಕಡೆಯವಳು. ಅಪ್ಪ ಮೂಡಲಗಿರಿಯಪ್ಪ ಕಡ್ಲೆಕಾಯಿ ಬೆಳೆಯೋ ಮನುಷ್ಯ, ನನಗೆ ಹಳೇ ಪರಿಚಯ. ಮಗಳು ತುಮಕೂರಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿ, ಯಾವುದಾದ್ರೂ ದೊಡ್ಡ ಬಿಲ್ಡರ್ ಹತ್ರ ಸೇರ್ಕೊಳ್ಳೋದು ಬಿಟ್ಟು, ನನಗೆ ಜಮೀನು ಅಳೆಯೋ ಕೆಲಸಾನೇ ಬೇಕು ಅಂತ ಹಠ ಹಿಡಿದು ಬಂದ್ಳು. ಆರು ತಿಂಗಳು ನೋಡ್ತೀನಿ, ಸರಿಹೋದ್ರೆ ಕಾಯಂ, ಇಲ್ಲಾಂದ್ರೆ ಗೌಡಗೆರೆ ಬಸ್ಸು ಅಂದಿದ್ದೆ.

ಬಂದ ವಾರಕ್ಕೇ ಶುರುವಾಯ್ತು ನೋಡಿ. ಕೇಳಿದ ಪ್ರಶ್ನೆನೇ ತಿರುಗಿಸಿ ಮುರುಗಿಸಿ ಕೇಳ್ತಾಳೆ. ಉತ್ತರ ಕೊಟ್ಟು ಕೊಟ್ಟು ಎದುರಿನೋರ ಗಂಟಲು ಒಣಗಬೇಕು. ಅದು ಸಾಲ್ದು ಅಂತ ಟೀ ಬೇರೆ. ಹಳ್ಳಿಗೆ ಹೋದ್ರೆ ಮೊದಲು ಟೀ, ಆಮೇಲೆ ಅಳತೆ. ನಾನು ಕೆಲಸಕ್ಕೆ ಇಳಿದಾಗಿಂದ ನಡೆದು ಬಂದಿರೋ ಪದ್ಧತಿ. ಇವಳು "ಅಳತೆ ಆದ್ಮೇಲೆ ಕುಡೀತೀನಿ" ಅಂತಾಳೆ. ಲೋಟ ಹಿಡಿದು ನಿಂತ ಹೆಂಗಸಿನ ಮುಖ ಏನಾಗಬೇಡ! ಯಾಕಮ್ಮ ಹಿಂಗಾಡ್ತೀಯ ಅಂತ ಬೈದ್ರೆ, "ಒಬ್ಬರ ಮನೇಲಿ ಕುಡಿದ್ರೆ ಪಕ್ಕದೋರು ನಾವು ಅವರ ಕಡೆ ಅಂದ್ಕೋತಾರೆ ಸಾರ್" ಅಂದ್ಳು. ಹಂಗಾದ್ರೆ ಇಷ್ಟು ವರ್ಷ ನಾನು ಕುಡಿದಿದ್ದೆಲ್ಲ ಏನು? 

ಇರ್ಲಿ, ಲಕ್ಷ್ಮೀದೇವಿ ವಿಷಯಕ್ಕೆ ಬರ್ತೀನಿ. ಆಕೆ ಕೊಡಿಗೇನಹಳ್ಳಿಯಲ್ಲಿ ಬ್ಲೌಸ್ ಹೊಲಿಯೋ ಹೆಂಗಸು, ಒಂಟಿ ಜೀವ. ಯಾರದೋ ಅಂಗಡಿ ಜಗಲಿ ಮೇಲೆ ಮಿಷನ್ ಇಟ್ಕೊಂಡಿದ್ದಳು. ಜಗಲಿಯೋರು ಜಾಗ ಖಾಲಿ ಮಾಡು ಅಂದ್ಬುಟ್ರು. ಗಂಗಹನುಮಯ್ಯ ಅನ್ನೋರ ಸೈಟು ರಸ್ತೆ ಪಕ್ಕದಲ್ಲೇ ಇತ್ತು, ಮೂವತ್ತಡಿ ಅಗಲ. ಒಂದು ಮಗ್ಗುಲಿಗೆ ಮನೆ, ಇನ್ನೊಂದು ಮಗ್ಗುಲಿಗೆ ಸ್ವಂತ ಅಂಗಡಿ ಅಂತ ಲೆಕ್ಕ ಹಾಕಿ ಮಾತಾಡಿದ್ದಳು. ಸೋಮವಾರ ರಿಜಿಸ್ಟ್ರಿ, ಅಷ್ಟರಲ್ಲಿ ನಕ್ಷೆ ಬೇಕು ಅಂತ ಬಂದ್ಳು. ಸುಲಭದ ಕೆಲಸ, ಒಬ್ಬಳೇ ಮಾಡ್ಕೊಂಡು ಬರ್ಲಿ ಅಂತ ರಕ್ಷಾನ ಕಳಿಸಿದೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದೀನಿ, ಫೋನು. "ಸಾರ್, ಸೈಟು ಹತ್ತಡಿ ಕಮ್ಮಿ ಬರ್ತಿದೆ."

"ಯಂತ್ರ ನೆಟ್ಟಗೆ ನಿಲ್ಲಿಸಮ್ಮ."

"ನಿಲ್ಲಿಸಿದೀನಿ ಸಾರ್. ಹಳೇ ನಕ್ಷೆಗೆ ಎಲ್ಲಾ ಕಲ್ಲೂ ಕೂಡ್ತಿದೆ. ಮುನಿಯಪ್ಪ ಒಬ್ಬನೇ ಕೂಡ್ತಿಲ್ಲ."

ಈ ಮುನಿಯಪ್ಪ ಯಾರು ಅಂದ್ರೆ, ಆ ಸೈಟಿಗೂ ಪಕ್ಕದ ದೊಡ್ಡರಂಗಪ್ಪನ ಹೊಲಕ್ಕೂ ನಡುವಿನ ಗಡಿಕಲ್ಲು. ಯಾವ ಕಾಲದಲ್ಲೋ ಯಾರೋ ಅರಿಶಿನ ಕುಂಕುಮ ಹಚ್ಚಿದ್ದಾರೆ, ದೇವರಾಗೈತೆ. ಊರೋರು ಬೇಲಿ ಮುನಿಯಪ್ಪ ಅಂತಾರೆ. ಈಗ ಕಟ್ಟೆ ಐತೆ, ತಲೆ ಮೇಲೆ ತಗಡಿನ ನೆರಳೂ ಐತೆ. ನಮ್ಮ ಕಡೆ ಇದೇನು ಹೊಸದಲ್ಲ.

ತಟ್ಟೇಲೇ ಕೈ ತೊಳ್ಕೊಂಡು ಹಿಂದೂಪುರದ ಬಸ್ಸು ಹತ್ತಿದೆ. ಸೀಟಿಲ್ಲ. ದಾರಿ ಉದ್ದಕ್ಕೂ ನಿಂತ್ಕೊಂಡೇ ಆ ಹುಡುಗೀನ ಬೈಯ್ತಾ ಹೋದೆ.

ಅಲ್ಲಿ ಎಲ್ಲಾ ಸೇರಿದ್ರು. ಗಂಗಹನುಮಯ್ಯ, ದೊಡ್ಡರಂಗಪ್ಪ, ಮುಖ ಸಣ್ಣಗೆ ಮಾಡ್ಕೊಂಡ ಲಕ್ಷ್ಮೀದೇವಿ. ನಾನು ನೇರವಾಗಿ ಕೇಳಿದೆ: "ಈ ಕಲ್ಲನ್ನ ಯಾರಾದ್ರೂ ಕದಲಿಸಿದ್ದೀರೇನಯ್ಯ?"

"ಶಿವ ಶಿವ! ನಮ್ಮ ತಾತನ ಕಾಲದಿಂದ ಒಬ್ಬರೂ ಮುಟ್ಟಿಲ್ಲ" ಅಂತ ದೊಡ್ಡರಂಗಪ್ಪ ಮುನಿಯಪ್ಪನ ತಲೆ ಮೇಲೇ ಕೈ ಇಟ್ಟು ಆಣೆ ಮಾಡಿದ. ಗಂಗಹನುಮಯ್ಯನೂ ಇಟ್ಟ.

"ಆಯ್ತಲ್ಲ? ನಕ್ಷೆ ಬರಿ" ಅಂದೆ ರಕ್ಷಾಗೆ. ಕೇಳಿದ್ರೆ ತಾನೆ! ಅವಳು ದೊಡ್ಡರಂಗಪ್ಪನ ತಾಯಿ ರಾಜಲಕ್ಷ್ಮಮ್ಮನ ಕಡೆ ನೋಡ್ತಾ ನಿಂತಿದ್ದಾಳೆ. ಆ ಯಮ್ಮ ನಮ್ಮ ಪಾಡಿಗೆ ನಮ್ಮನ್ನ ಬಿಟ್ಟು ಕಟ್ಟೆ ಸುತ್ತ ಪ್ರದಕ್ಷಿಣೆ ಹಾಕ್ತಿತ್ತು.

"ಅಜ್ಜಿ, ಬೇಲಿ ಮುನಿಯಪ್ಪ ಅಂತೀರ. ಬೇಲಿ ಎಲ್ಲಿ?"

"ಆವಾಗಿತ್ತು ಕಣಮ್ಮ. ಸ್ವಾಮಿ ಬೇಲಿ ಒಳಗೇ ಇದ್ದ. ಸುತ್ತು ಬರಾಕೆ ಆಯ್ತಿರ್ಲಿಲ್ಲ, ಮುಳ್ಳಿಗೆ ಸೀರೆ ಸಿಗಾಕ್ಕಂಡು ಹರ್ದೋಗದು. ಅದ್ಕೇ ಹೆಂಗಸ್ರೆಲ್ಲ ಹಠ ಮಾಡಿ, ಪೂಜೆ ಮಾಡ್ಸಿ, ನಮ್ಮ ಹೊಲದ ಬಯಲಿಗೆ ಕರ್ಕೊಂಡ್ ಬಂದ್ವಿ. ಬೇಲಿ ಆಮೇಲೆ ಗೆದ್ಲಿಡಿದು ಹೋಯ್ತು."

ನಾನು ಆಣೆ ಮಾಡಿದ ಇಬ್ಬರ ಕಡೆ ತಿರುಗಿದೆ. "ಅಲ್ರಯ್ಯ, ಕಲ್ಲು ಕದಲಿಸಿಲ್ಲ ಅಂತ ಈಗ ತಾನೆ ಆಣೆ ಮಾಡಿದ್ರಲ್ಲ!"

"ಕಲ್ಲೆಲ್ಲಿ ಕದಲಿಸಿದ್ವಿ ಸಾರ್?" ಅಂದ ದೊಡ್ಡರಂಗಪ್ಪ, ನನಗೇ ಬುದ್ಧಿ ಇಲ್ಲ ಅನ್ನೋ ಹಂಗೆ. "ಸ್ವಾಮಿನ ಕರ್ಕೊಂಡು ಬಂದಿದ್ದು."

"ಸ್ವಾಮಿನ ಕಲ್ಲು ಅಂತೀಯಲ್ಲಪ್ಪ, ಬಾಯಿ ತೊಳ್ಕೋ" ಅಂತ ಅಜ್ಜಿ ನನಗೇ ಗದರಿಸ್ತು. ನಾನು ಕಟ್ಟೆ ಮೇಲೆ ಕೂತೆ. ಚಪ್ಪಲಿ ಬಿಟ್ಟು ಕೂತ್ಕೋ ಅಂತ ಅದಕ್ಕೂ ಬೈಸ್ಕೊಂಡೆ.

ಹಳೇ ಬೇಲಿ ಇದ್ದ ಜಾಗಕ್ಕೆ ಅಳೆದ್ರೆ ಸೈಟು ಮೂವತ್ತರಿಂದ ಇಪ್ಪತ್ತಡಿಗೆ ಇಳೀತು. ಮನೆ ಪಕ್ಕದಲ್ಲಿ ಅಂಗಡಿಗೆ ಇಟ್ಟಿದ್ದ ಜಾಗ ಅಷ್ಟೂ ದೊಡ್ಡರಂಗಪ್ಪನ ಹೊಲದಲ್ಲಿ. ಆತ ಮಾತ್ರ ದೊಡ್ಡ ಮನಸ್ಸು ಮಾಡಿ, "ಸ್ವಾಮಿ ನಿಂತ ಕಡೆಗೇ ಗಡಿ ಇರ್ಲಿ ಬುಡಿ. ಕಟ್ಕೊಳ್ಳಿ, ನಾನೇನು ಕೇಳಲ್ಲ" ಅಂದ. ಲಕ್ಷ್ಮೀದೇವಿ ಕೈ ಮುಗಿದ್ಳು. ಅಬ್ಬ ಅಂತ ನಾನೂ ಉಸಿರು ಬಿಟ್ಟೆ.

"ಹಂಗೆ ಬರಿಯೋಕಾಗಲ್ಲ ಸಾರ್" ಅಂದ್ಳು ರಕ್ಷಾ.

ಎಲ್ಲರ ಮುಂದೇನೇ ಕೂಗಾಡಿದೆ. "ಕೊಡೋನೇ ಕೊಡ್ತೀನಿ ಅಂತಾನೆ, ನಿಂದೇನಮ್ಮ ನಡುವೆ? ಅಳೆಯಾಕೆ ಬಂದಿದ್ದೀಯೋ, ಇನ್ನೊಬ್ಬರ ಹೊಟ್ಟೆ ಮೇಲೆ ಹೊಡಿಯಾಕೆ ಬಂದಿದ್ದೀಯೋ?"

ಲಕ್ಷ್ಮೀದೇವಿಗೂ ಸಿಟ್ಟು ನೆತ್ತಿಗೇರ್ತು. "ನಾನೇನು ಮಾಡಿದ್ದೆ ಕಣಮ್ಮ ನಿಂಗೆ? ಕಟ್ಟೋಕೆ ಮುಂಚೆನೇ ನನ್ನ ಅಂಗಡಿ ಬಾಗಿಲು ಹಾಕ್ಬುಟ್ಯಲ್ಲ! ನಿನ್ನ ಓದಿಗೆ ಬೆಂಕಿ ಹಾಕ!" ಅಂತ ಅತ್ತೇ ಬಿಟ್ಟಳು.

ಹುಡುಗಿ ಕಣ್ಣಲ್ಲೂ ನೀರು. ಒರೆಸ್ಕೊಂಡು ಮೆತ್ತಗೆ ಹೇಳಿದ್ಳು: "ಅಕ್ಕ, ಅಳತೆ ಬ್ಲೌಸ್ ಇಲ್ಲದೆ ಸುಮ್ನೆ ಬಾಯಲ್ಲಿ ಹೇಳಿದ್ದಕ್ಕೆ ನೀವು ಬಟ್ಟೆ ಕತ್ತರಿಸ್ತೀರಾ?" ಆಮೇಲೆ ದೊಡ್ಡರಂಗಪ್ಪನ ಕಡೆ ತಿರುಗಿ, "ದೊಡ್ಡಪ್ಪ, ನೀವು ಕೊಡೋದಾದ್ರೆ ಒಳ್ಳೇದೇ ಆಯ್ತು. ಸೋಮವಾರ ರಿಜಿಸ್ಟ್ರಿಗೆ ನೀವೂ ನಿಮ್ಮ ಮಕ್ಕಳೂ ಬನ್ನಿ. ಆ ಹತ್ತಡಿನೂ ಅಕ್ಕನ ಹೆಸರಿಗೆ ಬರೆದು ಸೈನ್ ಹಾಕಿ. ನಾನು ಇವತ್ತೇ ನಕ್ಷೆ ಕೊಡ್ತೀನಿ" ಅಂದ್ಳು.

ದೊಡ್ಡರಂಗಪ್ಪ ಟವಲ್ ತೆಗೆದು ಕೊಡವಿದ. "ಅದೆಲ್ಲ ಯಾಕಮ್ಮ? ಮಾತು ಕೊಟ್ನಲ್ಲ. ಬರ್ಯೋದು ಅಂದ್ರೆ... ಹುಡುಗ್ರನ್ನ ಒಂದ್ಮಾತು ಕೇಳಬೇಕು. ಅವ್ರು ಪಾವಗಡದಾಗವ್ರೆ. ಏನಂತಾರೋ." ಟವಲ್ ಹೆಗಲ ಮೇಲೆ ಹಾಕ್ಕೊಂಡು, ಕೊಡ್ತೀನಿ ಅಂದ ಮಾತು ಮತ್ತೆ ಎತ್ತಲೇ ಇಲ್ಲ.

ಲಕ್ಷ್ಮೀದೇವಿ ಅಳು ನಿಲ್ಲಿಸಿ ಆತನ ಮುಖಾನೇ ನೋಡ್ತಿದ್ದಳು. ಆಮೇಲೆ ರಕ್ಷಾನ ಕಡೆ ತಿರುಗದೇ ಕೇಳಿದ್ಳು: "ಇಪ್ಪತ್ತಡೀಲಿ ಏನಾಗ್ತದೆ?"

ಆ ಮಾತಿಗೇ ಕಾದಿದ್ದೋಳಂಗೆ ಹುಡುಗಿ ಟೇಪ್ ಬಿಚ್ಚಿದ್ಳು. ರಸ್ತೆ ಕಡೆ ಅಂಗಡಿ, ಪಕ್ಕದಲ್ಲಿ ಓಡಾಡೋಕೆ ಓಣಿ, ಮನೆ ಹಿಂದಕ್ಕೆ. ಹೊಲಿಗೆ ಮಿಷನ್ ಇಲ್ಲಿ, ಕುರ್ಚಿ ಇಲ್ಲಿ, ಅಳತೆ ಕೊಡೋಕೆ ಬಂದೋರು ಇಲ್ಲಿ ನಿಲ್ಲಬೇಕು ಅಂತ ಕಲ್ಲು ಜೋಡಿಸಿ ತೋರಿಸಿದ್ಳು. ಲಕ್ಷ್ಮೀದೇವಿ ಆ ಕಲ್ಲುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಕೈ ಅಗಲಿಸಿ ನೋಡ್ಕೊಂಡ್ಳು. ಸಂತೋಷ ಏನಿಲ್ಲ, ಸಾಕಾಗ್ತದೆ ಅಂದ್ಳು ಅಷ್ಟೆ. ಸೋಮವಾರ ಗಂಗಹನುಮಯ್ಯ ಮುಖ ಗಂಟು ಹಾಕ್ಕೊಂಡು ಇರೋ ಅಗಲಕ್ಕೇ ಬರ್ಕೊಟ್ಟ.

ನಾನು ಬಸ್ಸಲ್ಲಿ ಆ ಹುಡುಗಿ ಹತ್ರ ಮಾತಾಡಲಿಲ್ಲ. ತಿಂಗಳುಗಟ್ಟಲೆ ಸಿಟ್ಟು ಹಂಗೇ ಇಟ್ಕೊಂಡಿದ್ದೆ.

ಮೊನ್ನೆ ಆ ದಾರೀಲಿ ಹೋಗೋದಿತ್ತು. ಬಸ್ಸಿಳಿದು ನೋಡ್ತೀನಿ, ದೊಡ್ಡರಂಗಪ್ಪನ ಮಕ್ಕಳು ಬಂದು ಗಡಿ ಉದ್ದಕ್ಕೂ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದಾರೆ. ರಕ್ಷಾ ಗುರುತು ಹಾಕಿದ ಗೆರೆಗೆ ಸರಿಯಾಗಿ, ಒಂದು ಗೇಣೂ ಅತ್ತಿತ್ತ ಇಲ್ಲ. ಮುನಿಯಪ್ಪ ಆ ಕಡೆ ಆರಾಮಾಗಿ ಕೂತವ್ನೆ. ನಾನು ಹೇಳಿದ ಹಂಗೆ ಕಟ್ಟಿದ್ದಿದ್ರೆ ಅಂಗಡಿ ಪೂರ್ತಿ ಆ ತಂತಿ ಆಚೆ ಇರೋದು. 

ಅಂಗಡೀಲಿ ಲಕ್ಷ್ಮೀದೇವಿ ಹೊಲೀತಾ ಕೂತಿದ್ದಳು. ನನ್ನ ನೋಡಿ ಮಿಷನ್ ನಿಲ್ಲಿಸಿದ್ಳು, ಟೀ ತರಿಸಿದ್ಳು. ನನ್ನ ಕೈಲಿ ಲೋಟ ಕೊಟ್ಟು ರಸ್ತೆ ಕಡೆ ಇಣುಕಿದ್ಳು.

"ಆ ಹುಡುಗಿ ಬರ್ಲಿಲ್ವಾ ಸಾರ್? ಅವತ್ತು ಬಾಯಿಗೆ ಬಂದಂಗೆ ಅಂದ್ಬುಟ್ಟೆ. ಒಂದು ಚೂಡಿದಾರಕ್ಕೆ ಬಟ್ಟೆ ತೆಗೆದಿಟ್ಟಿದ್ದೀನಿ, ಕಳ್ಸಿ. ಟೀ ಆಮೇಲೆ ಕುಡೀಲಿ, ಮೊದಲು ಅಳತೆ."